ರಾಜಕೀಯ ಧುರೀಣರ ಸಂಕಲ್ಪವೂ ಹೊಗೆಯ ಲೆಕ್ಕವೂ

ನಮ್ಮ ಮನೆಗಳಲ್ಲಿ ಸತ್ಯನಾರಾಯಣ ವ್ರತವಾಗಲಿ, ಗೌರೀಪೂಜೆಯಾಗಲಿ, ಕಡೆಗೆ ಒಂದು ನದೀಸ್ನಾನವೇ ಆಗಲಿ, ಮೊದಲು ಸಂಕಲ್ಪವನ್ನು ಮಾಡುವುದು ವಾಡಿಕೆಯಷ್ಟೆ. ಕಲ್ಪ, ಮನ್ವಂತರ, ಯುಗಗಳಿಂದ ತೊಡಗಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳವರೆಗೆ ಕಾಲವನ್ನು ಹೇಳಿ, ನಿಂತಿರುವ ದೇಶವನ್ನು ಹೇಳಿ, ಗೋತ್ರ ನಾಮಧೇಯಗಳಿಂದ ತನ್ನನ್ನು ಗುರುತಿಸಿಕೊಂಡು, ಇಂತಹ ಕರ್ಮವನ್ನು ಮಾಡುವೆನೆಂದು ನೀರು ಬಿಟ್ಟ ಮೇಲೆಯೇ ಕೆಲಸವು ಮೊದಲಾಗುವುದು. ಇದು ಬರಿಯ ಮಾತಿನ ಆಡಂಬರವೆಂದು ಇಂದಿನ ತರುಣರು ನಗುವುದುಂಟು. ಆದರೆ ವಿಚಾರ ಮಾಡಿ ನೋಡಿದರೆ ಇದಕ್ಕಿಂತ ಬಿಗಿಯಾದ ಕರಾರುಪತ್ರವನ್ನು ವಕೀಲರೂ ಬರೆಯಲಾರರು. ಯಾರು, ಎಲ್ಲಿ, ಯಾವ ದಿನ, ಏನನ್ನು—ಈ ನಾಲ್ಕಕ್ಕೂ ಅದರಲ್ಲಿ ಉತ್ತರವಿದೆ. ಒಂದು ತಪ್ಪಿದರೂ ಸಂಕಲ್ಪವು ಸಂಕಲ್ಪವಾಗದು.

ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಉಪಾಧ್ಯಾಯನ ಚಪಲವೆಂದು ವಾಚಕರು ಕ್ಷಮಿಸಬೇಕು. ಯಜಮಾನನು ಸಂಕಲ್ಪದಲ್ಲಿ "ಕರಿಷ್ಯೇ" ಎನ್ನುತ್ತಾನೆ, ಇದು ಆತ್ಮನೇಪದ. ಕ್ರಿಯೆಯ ಫಲವು ಮಾಡುವವನಿಗೇ ಸೇರುವಾಗ ಈ ರೂಪವು ಸಲ್ಲುವುದು. ಪುರೋಹಿತನು ಮತ್ತೊಬ್ಬರಿಗಾಗಿ ಮಾಡುವಾಗ "ಕರಿಷ್ಯಾಮಿ" ಎಂದು ಪರಸ್ಮೈಪದವನ್ನು ಬಳಸಬೇಕು. ಲೋಕದ ರಾಜಕೀಯ ಧುರೀಣರು ಈಗ ಮೂವತ್ತು ವರ್ಷಗಳಿಂದ ಭೂಮಿಯ ಬಿಸಿಯ ವಿಷಯವಾಗಿ ಮಾಡುತ್ತಿರುವ ಸಂಕಲ್ಪಗಳನ್ನು ಓದಿದಾಗಲೆಲ್ಲ ನನಗೆ ಈ ಭೇದವು ನೆನಪಾಗುತ್ತದೆ. 2050ಕ್ಕೆ ಇಷ್ಟು, 2060ಕ್ಕೆ ಇಷ್ಟು, 2070ಕ್ಕೆ ಇಷ್ಟು ಎಂದು ಅವರು ಘೋಷಿಸುವ ಕರ್ಮದ ಫಲವನ್ನು ಉಣ್ಣತಕ್ಕವರು ಅವರಲ್ಲ. ತಪ್ಪಿದರೆ ದಂಡ ತೆರತಕ್ಕವರೂ ಅವರಲ್ಲ. ನಮ್ಮ ಮೊಮ್ಮಕ್ಕಳ ಹೆಸರಿನಲ್ಲಿ ಅವರು ನೀರು ಬಿಡುತ್ತಿದ್ದಾರೆ. ಆದಕಾರಣ ಆ ಸಂಕಲ್ಪವು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಪರೀಕ್ಷಿಸುವ ಅಧಿಕಾರ ನಮಗೆ ಉಂಟು.

ವಿಷಯದ ತಿರುಳನ್ನು ಸಂಕ್ಷೇಪವಾಗಿ ಹೇಳುವೆನು. ಕಲ್ಲಿದ್ದಲು, ಕಲ್ಲೆಣ್ಣೆ, ನೈಸರ್ಗಿಕ ಅನಿಲ ಇವುಗಳನ್ನು ಉರಿಸಿದಾಗ ಹುಟ್ಟುವ ಇಂಗಾಲಾಮ್ಲ ವಾಯು (ಈಗಿನ ಮಕ್ಕಳು ಇದನ್ನು ಇಂಗಾಲದ ಡೈಆಕ್ಸೈಡ್ ಎಂದು ಕಲಿಯುತ್ತಾರೆ), ದನಕರುಗಳಿಂದಲೂ ಜಲಭರಿತವಾದ ಭತ್ತದ ಗದ್ದೆಗಳಿಂದಲೂ ಬರುವ ಮೀಥೇನ್ ಮೊದಲಾದವು ಭೂಮಿಗೆ ಹೊದಿಸಿದ ಕಂಬಳಿಯಂತೆ ವರ್ತಿಸುತ್ತವೆ. ಕಂಬಳಿಯು ತಾನಾಗಿ ಶಾಖವನ್ನು ಹುಟ್ಟಿಸದು. ಮೈಯ ಶಾಖವನ್ನು ಹೊರಹೋಗಗೊಡದು, ಅಷ್ಟೆ. ಇವಕ್ಕೆ ಹಸಿರುಮನೆ ಅನಿಲಗಳೆಂದು ಹೆಸರು. ಇದು ಹೊಸ ವಾದವೇನೂ ಅಲ್ಲ. ಸ್ವೀಡನ್ನಿನ ಅರೀನಿಯಸ್ ಎಂಬ ರಸಾಯನಶಾಸ್ತ್ರಜ್ಞನು 1896ರಲ್ಲಿಯೇ ಇದರ ಗಣಿತವನ್ನು ಮಾಡಿದ್ದನು. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯನ್ನು ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗವಿದ್ದ ಇಂಗಾಲಾಮ್ಲವು 2024ರಲ್ಲಿ 420ನ್ನು ಮೀರಿತು. ಆ 2024ನೆಯ ವರ್ಷವೇ ಅಳತೆಯಿಟ್ಟ ಕಾಲದಿಂದ ಈಚೆಗೆ ಅತ್ಯಂತ ಬಿಸಿಯಾದ ವರ್ಷವೆಂದು ಜಾಗತಿಕ ಹವಾಮಾನ ಸಂಸ್ಥೆಯವರು ಸಾರಿದರು. ಯಂತ್ರಯುಗದ ಹಿಂದಿನ ಕಾಲಕ್ಕಿಂತ ಅದು ಒಂದೂವರೆ ಡಿಗ್ರಿಯಷ್ಟು ಹೆಚ್ಚು. 2015ರ ಡಿಸೆಂಬರಿನಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಸೇರಿದ ರಾಷ್ಟ್ರಗಳು ದೀರ್ಘಕಾಲದ ಸರಾಸರಿಯು ಈ ಒಂದೂವರೆ ಡಿಗ್ರಿಯನ್ನು ದಾಟದಂತೆ ಪ್ರಯತ್ನಿಸುವೆವೆಂದು ಒಪ್ಪಿದ್ದವು. ಪ್ರತಿಯೊಂದು ರಾಷ್ಟ್ರವೂ ತಾನೇ ತನ್ನ ಪಾಲನ್ನು ಬರೆದುಕೊಡತಕ್ಕದ್ದು, ಐದು ವರ್ಷಕ್ಕೊಮ್ಮೆ ಅದನ್ನು ಹೆಚ್ಚಿಸತಕ್ಕದ್ದು ಎಂಬುದು ಆ ಒಪ್ಪಂದದ ಏರ್ಪಾಡು. ಬರೆದುಕೊಟ್ಟವರು ಬಹಳ ಮಂದಿ. ಆದರೆ 2025ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಆ ಪತ್ರಗಳನ್ನೆಲ್ಲ ಕೂಡಿಸಿ ನೋಡಿದಾಗ, ಬರೆದದ್ದೆಲ್ಲವೂ ನಡೆದರೂ ಈ ಶತಮಾನದಲ್ಲಿ ಬಿಸಿಯು 2.3ರಿಂದ 2.5 ಡಿಗ್ರಿಯವರೆಗೆ ಏರುವುದೆಂದೂ, ಈಗ ನಿಜವಾಗಿ ನಡೆಯುತ್ತಿರುವ ಕೆಲಸವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ 2.8 ಡಿಗ್ರಿಗೆ ಮುಟ್ಟುವುದೆಂದೂ ಕಂಡುಬಂತು. ಮೊದಲೇ ಸಾಲದ ಸಂಕಲ್ಪ. ಅದಕ್ಕೂ ಸಾಲದ ಆಚರಣೆ.

ಹೀಗಿರಲು, ಧುರೀಣರಿಂದ ಬಿಗಿಯಾದ ಸಂಕಲ್ಪವನ್ನು ಹೊರಡಿಸುವುದು ಸಾಮಾನ್ಯ ಜನರಿಗೆ ಸಾಧ್ಯವೇ ಎಂಬ ಪ್ರಶ್ನೆಯು ಏಳುತ್ತದೆ. ಸಾಧ್ಯವೆಂಬುದಕ್ಕೆ ಇಂಗ್ಲೆಂಡಿನ ಒಂದು ಇತಿಹಾಸವಿದೆ. ಕಲ್ಲಿದ್ದಲಿನ ಹೊಗೆಯನ್ನು ಲೋಕಕ್ಕೆ ಕಲಿಸಿದ ದೇಶವೇ ಅದು. ಆದುದರಿಂದ ಅಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ.

2005ರಲ್ಲಿ ಅಲ್ಲಿನ "ಫ್ರೆಂಡ್ಸ್ ಆಫ್ ದಿ ಅರ್ತ್" ಎಂಬ ಸಂಘದವರು, ವರ್ಷೇ ವರ್ಷೇ ಹೊಗೆಯನ್ನು ತಗ್ಗಿಸುವುದು ಸರ್ಕಾರದ ಕಾಯಿದೆಬದ್ಧ ಕರ್ತವ್ಯವಾಗಬೇಕೆಂದು ಒಂದು ಮಸೂದೆಯನ್ನು ಸಿದ್ಧಪಡಿಸಿದರು. ಅದನ್ನು ಪಾರ್ಲಿಮೆಂಟಿನಲ್ಲಿ ಮುಂದಿಟ್ಟವರು ಮೂರು ಬೇರೆ ಬೇರೆ ಪಕ್ಷಗಳ ಸದಸ್ಯರು: ಲೇಬರ್ ಪಕ್ಷದ ಮೈಕೇಲ್ ಮೀಚರ್, ಕನ್ಸರ್ವೇಟಿವ್ ಪಕ್ಷದ ಜಾನ್ ಗಮ್ಮರ್, ಲಿಬರಲ್ ಡೆಮೊಕ್ರಾಟ್ ಪಕ್ಷದ ನಾರ್ಮನ್ ಬೇಕರ್. ಸಂಘದವರ ಉಪಾಯವು ಬಹು ಸರಳವಾದುದು. ಬೀದಿಯಲ್ಲಿ ಕೂಗುವುದಕ್ಕೆ ಬದಲಾಗಿ ಪ್ರತಿಯೊಬ್ಬ ಮತದಾರನೂ ತನ್ನ ಕ್ಷೇತ್ರದ ಸದಸ್ಯನಿಗೆ ಪತ್ರ ಬರೆದು, "ತಾವು ಈ ಮಸೂದೆಗೆ ಸಮ್ಮತಿಸುವಿರೋ ಇಲ್ಲವೋ" ಎಂದು ಕೇಳಬೇಕು, ಅಷ್ಟೆ. ಲಕ್ಷಕ್ಕೂ ಮಿಗಿಲಾದ ಜನರು ಹಾಗೆ ಕೇಳಿದರು. ಗೃಹಿಣಿಯರು, ಅಂಗಡಿಯವರು, ನನ್ನಂತಹ ನಿವೃತ್ತರು ಇದ್ದಕ್ಕಿದ್ದಂತೆ ತಮ್ಮ ಪ್ರತಿನಿಧಿಗೆ ಕಾಗದ ಬರೆಯತೊಡಗಿದರೆ ಅವನಿಗೆ ನಿದ್ರೆ ಹತ್ತುವುದಾದರೂ ಹೇಗೆ? ಒಟ್ಟು 646 ಸದಸ್ಯರಲ್ಲಿ ನಾನ್ನೂರಕ್ಕೂ ಹೆಚ್ಚು ಮಂದಿ ಆ ಬೇಡಿಕೆಗೆ ರುಜು ಹಾಕಿದರು.

ಸರ್ಕಾರವು ಆಗ ಮಣಿಯಿತು. ಆದರೆ ಪೂರ್ತಿಯಾಗಿ ಅಲ್ಲ. 2007ರ ಮಾರ್ಚಿಯಲ್ಲಿ ಅವರು ಪ್ರಕಟಿಸಿದ ಕರಡಿನಲ್ಲಿ, 1990ರಲ್ಲಿದ್ದ ಹೊಗೆಯನ್ನು 2050ರೊಳಗೆ ನೂರಕ್ಕೆ ಅರವತ್ತರಷ್ಟು ತಗ್ಗಿಸುವುದೆಂದು ಇತ್ತು. ಅರವತ್ತು ಸಾಲದು, ಎಂಬತ್ತು ಬೇಕೆಂದು ಜನರು ಮತ್ತೆ ಕಾಗದ ಬರೆದರು. ಸರ್ಕಾರದವರು ತಾವೇ ನೇಮಿಸಿದ ತಜ್ಞರ ಸಮಿತಿಯು 2008ರ ಅಕ್ಟೋಬರಿನಲ್ಲಿ ಎಂಬತ್ತೇ ಸರಿಯೆಂದು ಹೇಳಿತು. ಆ ತಿಂಗಳು ಎಂತಹುದೆಂಬುದನ್ನು ನೆನೆಯಬೇಕು. ಅಮೇರಿಕದ ಲೀಮನ್ ಬ್ರದರ್ಸ್ ಎಂಬ ಸಾಹುಕಾರಿ ಸಂಸ್ಥೆಯು ದಿವಾಳಿಯೆದ್ದು ತಿಂಗಳಾಗಿತ್ತು. ಇಂಗ್ಲೆಂಡಿನ ದೊಡ್ಡ ದೊಡ್ಡ ಬ್ಯಾಂಕುಗಳು ಸರ್ಕಾರದ ಹಣದಿಂದ ಉಸಿರಾಡುತ್ತಿದ್ದುವು. ಇಂತಹ ಹೊತ್ತಿನಲ್ಲಿ ಹೊಗೆಯ ಮಾತೇಕೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪವು ಯಾವ ಮಂತ್ರಿಗೆ ದೊರೆತೀತು? ಆದಾಗ್ಯೂ ಹೊಸದಾಗಿ ಅಧಿಕಾರಕ್ಕೆ ಬಂದ ಎಡ್ ಮಿಲಿಬ್ಯಾಂಡ್ ಎಂಬ ಮಂತ್ರಿಯು ಅಕ್ಟೋಬರ್ 16ರಂದು ಎಂಬತ್ತನ್ನು ಒಪ್ಪಿಕೊಂಡರು. ಅದೇ ತಿಂಗಳ 28ರ ರಾತ್ರಿ ಮಸೂದೆಯ ಕೊನೆಯ ವಾಚನಕ್ಕೆ 463 ಮತಗಳು ಪರವಾಗಿಯೂ ಮೂರು ವಿರುದ್ಧವಾಗಿಯೂ ಬಿದ್ದುವು.

ಆ ರಾತ್ರಿ ಲಂಡನ್ನಿನಲ್ಲಿ ಹಿಮ ಬಿದ್ದಿತು. ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಹಿಮ ಬಿದ್ದು ಎಪ್ಪತ್ತು ವರ್ಷಗಳ ಮೇಲಾಗಿತ್ತು. ಭೂಮಿಯು ಬಿಸಿಯಾಗುತ್ತಿದೆಯೆಂದು ಒಳಗೆ ಕಾಯಿದೆ ಮಾಡುವಾಗ ಹೊರಗೆ ಹಿಮವು ಬೀಳುತ್ತಿದೆಯೆಂದು ಪರಿಹಾಸ್ಯ ಮಾಡುವವರಿಗೆ ಒಳ್ಳೆಯ ಹಬ್ಬವಾಯಿತು. ಪಾಠಶಾಲೆಯ ಹಾಜರಿ ಪುಸ್ತಕವನ್ನು ಬಲ್ಲವರಿಗೆ ಈ ಪರಿಹಾಸ್ಯವು ನಾಟದು. ವರ್ಷವೆಲ್ಲ ತಪ್ಪದೆ ಬರುವ ಹುಡುಗನು ಒಂದು ದಿನ ಬಾರದಿದ್ದರೆ ಅವನನ್ನು ಸೋಮಾರಿಯೆನ್ನುವುದಿಲ್ಲ. ಒಂದು ದಿನ ಮಾತ್ರ ಬಂದವನನ್ನು ಶ್ರದ್ಧಾವಂತನೆನ್ನುವುದೂ ಇಲ್ಲ. ಒಂದು ದಿನದ ಹವೆಯು ಬೇರೆ, ಹಲವು ವರ್ಷಗಳ ವಾಯುಗುಣವು ಬೇರೆ.

2008ರ ನವೆಂಬರ್ 26ರಂದು ರಾಣಿಯ ಅಂಕಿತವನ್ನು ಪಡೆದ ಆ ಶಾಸನದಲ್ಲಿ ಎಂಬತ್ತು ಎಂಬ ಅಂಕಿಗಿಂತಲೂ ನನಗೆ ಮೆಚ್ಚಿಗೆಯಾದುದು ಅದರ ಲೆಕ್ಕದ ಕ್ರಮ. 2050 ಎಂಬುದು ದೂರದ ಮಾತು. ಅಲ್ಲಿಯವರೆಗೆ ಯಾವ ಮಂತ್ರಿಯೂ ಬಾಳನು. ಇದನ್ನು ಬಲ್ಲವರಾಗಿ ಶಾಸನಕಾರರು ಕಾಲವನ್ನು ಐದೈದು ವರ್ಷಗಳ ತುಂಡುಗಳನ್ನಾಗಿ ಕಡಿದು, ಪ್ರತಿಯೊಂದಕ್ಕೂ ಇಷ್ಟೇ ಹೊಗೆಯೆಂದು ಮಿತಿಯನ್ನು ಹಾಕಿದರು. ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವ ಗೃಹಿಣಿಯು ಅಕ್ಕಿಗೆ ಇಷ್ಟು, ಹಾಲಿಗೆ ಇಷ್ಟು ಎಂದು ಮೊದಲೇ ತೆಗೆದಿಡುವಂತೆ ಇದು. 2008ರಿಂದ 2012ರವರೆಗಿನ ಮೊದಲ ಐದು ವರ್ಷಗಳಿಗೆ ಸುಮಾರು 302 ಕೋಟಿ ಟನ್ನು. 2033ರಿಂದ 2037ರವರೆಗಿನ ಆರನೆಯ ಕಂತಿಗೆ 96 ಕೋಟಿ 50 ಲಕ್ಷ ಟನ್ನು ಮಾತ್ರ. ಅದರಲ್ಲಿಯೇ ಹಿಂದೆ ಬಿಟ್ಟಿದ್ದ ಪರದೇಶದ ವಿಮಾನ, ಹಡಗುಗಳ ಹೊಗೆಯೂ ಸೇರಬೇಕು. ಈ ಮಿತಿಗಳನ್ನು ಹನ್ನೆರಡು ವರ್ಷಗಳಷ್ಟು ಮುಂಚಿತವಾಗಿಯೇ ಗೊತ್ತುಪಡಿಸಬೇಕು. ಸರ್ಕಾರಕ್ಕೆ ಅಧೀನವಲ್ಲದ ಒಂದು ಸಮಿತಿಯು ವರ್ಷಕ್ಕೊಮ್ಮೆ ಲೆಕ್ಕವನ್ನು ಪರಿಶೋಧಿಸಿ ಪಾರ್ಲಿಮೆಂಟಿಗೆ ಒಪ್ಪಿಸಬೇಕು. ಸರ್ಕಾರವು ಅದಕ್ಕೆ ಬರಹದಲ್ಲಿ ಉತ್ತರ ಕೊಡಬೇಕು.

ಉತ್ತರವು ಸರಿಯಿಲ್ಲದಿದ್ದರೆ? 2022ರ ಜುಲೈ 18ರಂದು ಲಂಡನ್ನಿನ ಹೈಕೋರ್ಟು ಇದಕ್ಕೆ ನಿದರ್ಶನವನ್ನು ಒದಗಿಸಿತು. ಸರ್ಕಾರದವರು ಒಪ್ಪಿಸಿದ್ದ ಯೋಜನೆಯಲ್ಲಿ ಆರನೆಯ ಕಂತಿಗೆ ಬೇಕಾದ ಕಡಿತದಲ್ಲಿ ನೂರಕ್ಕೆ ತೊಂಬತ್ತೈದರಷ್ಟಕ್ಕೆ ಮಾತ್ರ ಅಂಕಿಗಳಿದ್ದುವು. ಯಾವ ಕೆಲಸದಿಂದ ಎಷ್ಟು ಹೊಗೆ ತಗ್ಗುವುದೆಂಬ ವಿವರವನ್ನು ಪಾರ್ಲಿಮೆಂಟಿನ ಮುಂದೆ ಇಟ್ಟಿರಲಿಲ್ಲ. ನ್ಯಾಯಾಧೀಶರು ಆ ಯೋಜನೆಯು ಶಾಸನಕ್ಕೆ ವಿರುದ್ಧವೆಂದು ತೀರ್ಮಾನಿಸಿ ಹಿಂದಿರುಗಿಸಿದರು. ನಮ್ಮ ಕಾಲದಲ್ಲಿ ಲೆಕ್ಕದ ಉತ್ತರವನ್ನು ಮಾತ್ರ ಬರೆದು ಕ್ರಮವನ್ನು ತೋರಿಸದ ಹುಡುಗನಿಗೆ ಹಲಗೆಯನ್ನು ಹಿಂದಕ್ಕೆ ಕೊಡುತ್ತಿದ್ದುದನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಹುದು. ಈ ತೀರ್ಪಿನ ಮಾರನೆಯ ದಿನವೇ ಲಿಂಕನ್‌ಷೈರ್ ಪ್ರಾಂತದ ಕಾನಿಂಗ್ಸ್‌ಬಿ ಎಂಬಲ್ಲಿ ಬಿಸಿಲು 40.3 ಡಿಗ್ರಿಗೆ ಏರಿತು. ಆ ದೇಶದಲ್ಲಿ ನಲವತ್ತನ್ನು ದಾಟಿದುದು ಅಳತೆಯಿಟ್ಟ ಕಾಲದಿಂದ ಅದೇ ಮೊದಲು. ತಿದ್ದಿ ತಂದ ಯೋಜನೆಯನ್ನೂ 2024ರ ಮೇ ತಿಂಗಳಲ್ಲಿ ನ್ಯಾಯಾಲಯವು ಒಪ್ಪಲಿಲ್ಲ. ಸರ್ಕಾರವನ್ನು ಹೀಗೆ ಎರಡು ಸಲ ನಿಲ್ಲಿಸಿ ಪ್ರಶ್ನೆ ಕೇಳಿದ ಧೈರ್ಯವು ನ್ಯಾಯಾಧೀಶರದು ಮಾತ್ರವಲ್ಲ. 2008ರಲ್ಲಿ ಸಂಕಲ್ಪವನ್ನು ಕಾಯಿದೆಯ ಅಕ್ಷರದಲ್ಲಿ ಬರೆಸಿಕೊಂಡ ಜನರದೂ ಹೌದು.

ಫಲವೇನಾಯಿತು? 1990ರಲ್ಲಿ ವರ್ಷಕ್ಕೆ ಸುಮಾರು 80 ಕೋಟಿ ಟನ್ನಿದ್ದ ಆ ದೇಶದ ಹೊರಸೂಸುವಿಕೆಯು 2023ರಲ್ಲಿ 40 ಕೋಟಿಗಿಂತ ಕೆಳಗೆ ಇಳಿಯಿತು. 2019ರಲ್ಲಿ ಥೆರೆಸಾ ಮೇ ಅವರ ಸರ್ಕಾರವು ಎಂಬತ್ತನ್ನು ನೂರಕ್ಕೆ ಏರಿಸಿತು. ಅಂದರೆ 2050ರಲ್ಲಿ ಬಿಟ್ಟಷ್ಟನ್ನು ಹೀರಿಕೊಂಡು ನಿವ್ವಳ ಶೂನ್ಯವಾಗಬೇಕು. 1882ರಲ್ಲಿ ಲಂಡನ್ನಿನ ಹೋಬರ್ನ್ ವಯಡಕ್ಟಿನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ವಿದ್ಯುತ್ತನ್ನು ಹಂಚುವ ಕೇಂದ್ರವು ಮೊದಲಾಯಿತು. 2024ರ ಸೆಪ್ಟೆಂಬರ್ 30ರಂದು ರಾಟ್‌ಕ್ಲಿಫ್ ಎಂಬಲ್ಲಿದ್ದ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರವು ಆರಿತು. ನೂರ ನಲವತ್ತೆರಡು ವರ್ಷ ಉರಿದ ಒಲೆ.

ಇಷ್ಟು ಹೊಗಳಿದ ಮೇಲೆ ಸತ್ಯದ ಇನ್ನೊಂದು ಮುಖವನ್ನೂ ತೋರಿಸಬೇಕು. ಈ ಇಳಿತವೆಲ್ಲವೂ ಶಾಸನದ ಪುಣ್ಯವಲ್ಲ. 1990ರ ದಶಕದಲ್ಲಿಯೇ ಅಲ್ಲಿ ಅಗ್ಗವಾದ ನೈಸರ್ಗಿಕ ಅನಿಲವು ಕಲ್ಲಿದ್ದಲನ್ನು ಹಿಂದಕ್ಕೆ ತಳ್ಳಿತ್ತು. ಕಾರ್ಖಾನೆಗಳು ಬಹುಮಟ್ಟಿಗೆ ಪರದೇಶಗಳಿಗೆ ಹೋದುವು. ಅಲ್ಲಿ ತಯಾರಾಗಿ ಇಂಗ್ಲೆಂಡಿಗೆ ಬರುವ ಸಾಮಾನುಗಳ ಹೊಗೆಯು ತಯಾರಿಸಿದ ದೇಶದ ಲೆಕ್ಕಕ್ಕೆ ಬೀಳುತ್ತದೆ. ಮತ್ತೊಂದು ಮಾತು: ಬರೆದ ಕಾಯಿದೆಯನ್ನು ಅಳಿಸಲೂ ಬಹುದು. 2008ರಲ್ಲಿ ಅದಕ್ಕೆ ಸಮ್ಮತಿಸಿದ್ದ ಕನ್ಸರ್ವೇಟಿವ್ ಪಕ್ಷದವರೇ, ಮರಳಿ ಅಧಿಕಾರಕ್ಕೆ ಬಂದರೆ ಆ ಶಾಸನವನ್ನು ರದ್ದುಪಡಿಸುವೆವೆಂದು 2025ರ ಅಕ್ಟೋಬರಿನಲ್ಲಿ ಸಾರಿದ್ದಾರೆ. ಅಮೇರಿಕದ ಅಧ್ಯಕ್ಷರು ಅದೇ ವರ್ಷದ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದದಿಂದ ಹೊರಬೀಳುವ ಆಜ್ಞೆಗೆ ಎರಡನೆಯ ಸಲ ರುಜು ಹಾಕಿದರು. ಆದರೂ ಭೇದವನ್ನು ಗಮನಿಸಬೇಕು. ಒಬ್ಬರ ರುಜುವಿನಿಂದ ಬಂದದ್ದು ಇನ್ನೊಬ್ಬರ ರುಜುವಿನಿಂದ ಹೋಗುತ್ತದೆ. ಪಾರ್ಲಿಮೆಂಟಿನ ಶಾಸನವನ್ನು ತೆಗೆಯಬೇಕಾದರೆ ಹಾಡುಹಗಲಿನಲ್ಲಿ ಪಾರ್ಲಿಮೆಂಟಿನ ಎದುರಿಗೇ ನಿಂತು, ಏಕೆ ತೆಗೆಯುತ್ತೇವೆಂದು ಹೇಳಿ ತೆಗೆಯಬೇಕು.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಪೂರ್ವಪಕ್ಷವು ಹೀಗೆ ಬರುತ್ತದೆ: "ಹೊಗೆ ತುಂಬಿದವರು ಅವರು, ನೂರೈವತ್ತು ವರ್ಷ ಉರಿಸಿ ಸಂಪನ್ನರಾದರು. ನಮ್ಮಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು ಎರಡು ಟನ್ನು ಇಂಗಾಲಾಮ್ಲ. ಅಮೇರಿಕದವರಲ್ಲಿ ಅದರ ಆರೇಳರಷ್ಟು. ದೀಪವಿಲ್ಲದ ಮನೆಗೆ ದೀಪ ಬೇಡವೆನ್ನುವಿರಾ?" ಈ ವಾದದಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯಾಯವಿದೆ, ಹೆಚ್ಚು ಉರಿಸಿದವರು ಹೆಚ್ಚು ತಗ್ಗಿಸಬೇಕು, ಮೊದಲು ತಗ್ಗಿಸಬೇಕು, ಬಡದೇಶಗಳಿಗೆ ಧನಸಹಾಯವನ್ನೂ ಮಾಡಬೇಕು. ಅದನ್ನು ನಮ್ಮ ಧುರೀಣರು ಹೊರದೇಶದ ಸಭೆಗಳಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದರೂ ಸರಿಯೇ. ಆದರೆ ನೆರೆಯವನು ಸಾಲ ತೀರಿಸಲಿಲ್ಲವೆಂದು ನಾವು ನಮ್ಮ ಮನೆಯ ಲೆಕ್ಕದ ಪುಸ್ತಕವನ್ನೇ ಇಡಬಾರದೆಂಬುದು ಯಾವ ನ್ಯಾಯ? 2024ರ ಜುಲೈ 30ರಂದು ನಮ್ಮ ಗಡಿಗೆ ಹತ್ತಿಕೊಂಡಿರುವ ವಯನಾಡಿನಲ್ಲಿ ಗುಡ್ಡಗಳು ಕುಸಿದು ಹಳ್ಳಿಗಳೇ ಹೂತುಹೋದುವು. ಆ ಮಳೆಯ ರಭಸವು ಭೂಮಿಯ ಬಿಸಿಯ ಕಾರಣದಿಂದ ನೂರಕ್ಕೆ ಹತ್ತರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳು ಗಣಿಸಿದರು. ಮಳೆಯು ಬೀಳುವಾಗ ಈ ಹೊಗೆ ಯಾರದೆಂದು ವಿಚಾರಿಸಿ ಬೀಳುವುದಿಲ್ಲ.

ನಮ್ಮ ಸಂಕಲ್ಪಗಳು ಇವು. 2021ರ ನವೆಂಬರ್ 1ರಂದು ಗ್ಲಾಸ್ಗೋ ಪಟ್ಟಣದಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು 2070ಕ್ಕೆ ನಿವ್ವಳ ಶೂನ್ಯವೆಂದು ಸಾರಿದರು. 2022ರಲ್ಲಿ ಬರೆದುಕೊಟ್ಟ ಪತ್ರದಂತೆ, 2030ರೊಳಗೆ ರಾಷ್ಟ್ರದ ಉತ್ಪನ್ನದ ಪ್ರತಿ ರೂಪಾಯಿಗೆ ಬೀಳುವ ಹೊಗೆಯನ್ನು 2005ರಲ್ಲಿದ್ದುದಕ್ಕಿಂತ ನೂರಕ್ಕೆ 45ರಷ್ಟು ತಗ್ಗಿಸಬೇಕು. ವಿದ್ಯುತ್ ಸ್ಥಾವರಗಳ ಶಕ್ತಿಯಲ್ಲಿ ಅರ್ಧವು ಕಲ್ಲಿದ್ದಲು ಎಣ್ಣೆಗಳದ್ದಲ್ಲದೆ ಇರಬೇಕು. ಈ ಎರಡನೆಯದು ಐದು ವರ್ಷ ಮುಂಚಿತವಾಗಿ, 2025ರಲ್ಲಿಯೇ ಕೈಗೂಡಿತು, ಅಭಿನಂದನೀಯವಾದ ಕೆಲಸ. ನಮ್ಮ ಪಾವಗಡದಂತಹ ಬರದ ಸೀಮೆಯಲ್ಲಿ ರೈತರಿಂದ ನೆಲವನ್ನು ಕ್ರಯಕ್ಕಲ್ಲದೆ ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವಾಟಿನ ಸೌರಸ್ಥಾವರವೂ ಅದರಲ್ಲಿ ಸೇರಿದೆ. ಆದರೆ ಗೃಹಸ್ಥರು ಮೋಸಹೋಗಬಾರದ ಒಂದು ಸ್ಥಳವಿದೆ. ಸ್ಥಾವರದ ಶಕ್ತಿಯು ಬೇರೆ, ಹುಟ್ಟುವ ವಿದ್ಯುತ್ತು ಬೇರೆ. ಮನೆಯಲ್ಲಿ ಹತ್ತು ಕೊಡಗಳಿದ್ದ ಮಾತ್ರಕ್ಕೆ ಹತ್ತು ಕೊಡ ನೀರಿದೆಯೆಂದು ಅರ್ಥವಲ್ಲ. ರಾತ್ರಿ ಸೂರ್ಯನಿಲ್ಲ, ಗಾಳಿಯು ಹೇಳಿದಂತೆ ಕೇಳದು. 2024ರಲ್ಲಿ ದೇಶದಲ್ಲಿ ಹುಟ್ಟಿದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದೇ ಆಗಿತ್ತು. ಇನ್ನು "ಪ್ರತಿ ರೂಪಾಯಿಗೆ" ಎಂಬ ಅಳತೆಯಲ್ಲಿ, ರೂಪಾಯಿಗಳು ಹೆಚ್ಚಿದಂತೆ ಒಟ್ಟು ಹೊಗೆಯು ಹೆಚ್ಚುತ್ತಲೇ ಹೋದರೂ ಸಂಕಲ್ಪವು ನೆರವೇರಿತೆನ್ನಬಹುದು. ಬೆಳೆಯುವ ದೇಶಕ್ಕೆ ಕೆಲವು ಕಾಲ ಈ ರಿಯಾಯಿತಿ ಇರಲಿ. ಒಟ್ಟು ಹೊಗೆಯು ಯಾವ ವರ್ಷದಲ್ಲಿ ಶಿಖರವನ್ನು ಮುಟ್ಟಿ ಇಳಿಯತೊಡಗುವುದೆಂಬುದನ್ನು ಆ ಪತ್ರದಲ್ಲಿ ಹೇಳಿಲ್ಲವೆಂಬುದೇ ಕೊರತೆ. 2070ಕ್ಕೆ ಶೂನ್ಯವೆಂದು ತಿಥಿ ಇಟ್ಟವರು ಈ ನಡುವಣ ತಿಥಿಯನ್ನು ಬಿಟ್ಟರು.

2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ವಾಯುಗುಣದ ವ್ಯತ್ಯಾಸದ ದುಷ್ಫಲಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದ 14, 21ನೆಯ ವಿಧಿಗಳಲ್ಲಿ ಅಡಗಿದೆಯೆಂದು ಹೇಳಿತು. ರಾಜಸ್ಥಾನ, ಗುಜರಾತುಗಳ ಹೆಬ್ಬಕ ಎಂಬ ಪಕ್ಷಿಯನ್ನು ವಿದ್ಯುತ್ ತಂತಿಗಳಿಂದ ಕಾಪಾಡುವ ಮೊಕದ್ದಮೆಯಲ್ಲಿ ಹುಟ್ಟಿದ ಮಾತು ಅದು. ಈ ವಿಷಯಕ್ಕೆಂದೇ ಸಮಗ್ರವಾದ ಶಾಸನವು ನಮ್ಮಲ್ಲಿ ಇಲ್ಲವೆಂಬುದನ್ನೂ ನ್ಯಾಯಾಲಯವು ಅಲ್ಲಿಯೇ ಗುರುತಿಸಿತು. ಹಕ್ಕು ಉಂಟು, ಲೆಕ್ಕ ಕೇಳುವ ಪುಸ್ತಕವಿಲ್ಲ.

ಆದುದರಿಂದ ನಮ್ಮ ಧುರೀಣರನ್ನು ಕೇಳತಕ್ಕದ್ದು ದೊಡ್ಡ ಭಾಷಣವನ್ನಲ್ಲ. ಐದೈದು ವರ್ಷಕ್ಕೆ ಮಿತಿ, ವರ್ಷಕ್ಕೊಮ್ಮೆ ಸರ್ಕಾರಕ್ಕೆ ಅಧೀನರಲ್ಲದವರಿಂದ ಪರಿಶೋಧನೆ, ಅದಕ್ಕೆ ಸದನದಲ್ಲಿ ಉತ್ತರ—ಇವು ಕಾಯಿದೆಯ ಅಕ್ಷರದಲ್ಲಿ ಬರಲಿ ಎಂದು ಕೇಳಬೇಕು. ಕೇಳುವ ದಾರಿಯೂ ಕಷ್ಟವಲ್ಲ. ಲೋಕಸಭೆಯಲ್ಲಿಯೂ ನಮ್ಮ ವಿಧಾನಮಂಡಲದಲ್ಲಿಯೂ ಚುಕ್ಕೆ ಗುರುತಿನ ಪ್ರಶ್ನೆಯೆಂಬುದೊಂದು ಇದೆ. ಸದಸ್ಯರು ಮುಂಚಿತವಾಗಿ ಸೂಚನೆ ಕೊಟ್ಟು ಇದನ್ನು ಕೇಳಿದರೆ ಮಂತ್ರಿಗಳು ಸದನದಲ್ಲಿ ಬಾಯಿಂದ ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆಗಳನ್ನೂ ಕೇಳಬಹುದು. ತಮ್ಮ ಕ್ಷೇತ್ರದ ಸದಸ್ಯರಿಗೆ ಒಂದು ಕಾಗದ ಬರೆದು ಇಂತಹ ಪ್ರಶ್ನೆಯನ್ನು ಎತ್ತಬೇಕೆಂದು ಬೇಡಿಕೊಳ್ಳುವುದಕ್ಕೆ ಒಂದು ಸಂಜೆಯು ಸಾಕು. ಪಾರ್ಲಿಮೆಂಟಿನ ಸದಸ್ಯರಾದರೆ: ದೇಶದ ಒಟ್ಟು ಹೊಗೆಯು ಯಾವ ವರ್ಷದಿಂದ ಇಳಿಯತೊಡಗುವುದು? ವಿಧಾನಸಭೆಯ ಸದಸ್ಯರಾದರೆ: ರಾಯಚೂರು ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳಲ್ಲಿ ಹಳೆಯ ಘಟಕಗಳು ಯಾವ ಯಾವ ವರ್ಷದಲ್ಲಿ ನಿಲ್ಲುವುವು, ಅಲ್ಲಿ ದುಡಿಯುವವರಿಗೆ ಬೇರೆ ಯಾವ ಕೆಲಸವನ್ನು ಗೊತ್ತುಮಾಡಿದ್ದೀರಿ, ರಾತ್ರಿಯ ಹೊತ್ತಿಗೆ ವಿದ್ಯುತ್ತನ್ನು ಕೂಡಿಡುವ ಏರ್ಪಾಡು ಎಷ್ಟು ಮೆಗಾವಾಟಿನದು? ಪ್ರಶ್ನೆಯಲ್ಲಿ "ಯಾವಾಗ", "ಎಷ್ಟು" ಎಂಬ ಎರಡು ಶಬ್ದಗಳು ಇರಲೇಬೇಕು. "ಕ್ರಮ ಕೈಗೊಳ್ಳಲಾಗುವುದೇ" ಎಂದು ಕೇಳಿದರೆ "ಕೈಗೊಳ್ಳಲಾಗುವುದು" ಎಂಬ ಉತ್ತರವೇ ಬರುತ್ತದೆ. ಮಂತ್ರಿಗಳ ಉತ್ತರವು ಸದನದ ನಡವಳಿಯಲ್ಲಿ ದಾಖಲಾಗುತ್ತದೆ. ಅದರ ಒಂದು ಪ್ರತಿಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಮಡಿಸಿಟ್ಟುಕೊಂಡಿದ್ದರೆ, ಮುಂದಿನ ಚುನಾವಣೆಯಲ್ಲಿ ಆ ಮಹಾಶಯರು ಕೈಮುಗಿದು ಬಾಗಿಲಿಗೆ ಬಂದಾಗ ತೆಗೆದು ತೋರಿಸಬಹುದು.